ತರೀಕೆರೆ ಕಡೆಯಿಂದ ಬಂದ ಟಕ್

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಗಳಿಂದ ಕೇಬಲ್ ಕೀಳಲು ಕ್ಲಿಪ್ ಒತ್ತಿ ಒತ್ತಿ ಆದದ್ದು. ಕೆಂಪು ಬಣ್ಣ ಹಚ್ಚಿದರೂ ಸೀಳು ಎದ್ದು ಕಾಣುತ್ತಿತ್ತು.

ಕಡೂರಿನ ನಮ್ಮ ಪುಟ್ಟ ನೆಟ್‌ವರ್ಕ್ ಕಂಪನಿಯಲ್ಲಿ ನನಗೆ ಕೆಲಸ ಕಲಿಸಿದವರು ಅವರೇ. ಇಡೀ ಆಫೀಸಿಗೆ ಅಕ್ಕ. ಬೈಗುಳಕ್ಕೆ ಬರವಿರಲಿಲ್ಲ; ಆದರೆ ಸಖರಾಯಪಟ್ಟಣದಿಂದ ಬಸ್ಸಿಗೆ ಬರುವಾಗ ನನ್ನ ಪಾಲಿನ ಚಿತ್ರಾನ್ನವನ್ನೂ ತರುತ್ತಿದ್ದರು.

ಅವರದೊಂದು ಕಟ್ಟಳೆ. ಎರಡು ಊರಿನ ನಡುವಿನ ಕೆಲಸವಾದರೆ ಎರಡೂ ಕಡೆ ಒಬ್ಬೊಬ್ಬರು ಕೂರಬೇಕು. ಸ್ವಿಚ್‌ಗೆ ಕೊಡಲು ಟೈಪ್ ಮಾಡಿದ ಸಾಲನ್ನು ಫೋನಿನಲ್ಲಿ ಗಟ್ಟಿಯಾಗಿ ಓದಬೇಕು. ಆ ಕಡೆಯವರು "ಹೂಂ, ಹಾಕು" ಅಂದ ಮೇಲೇ ಎಂಟರ್. ಕೂತಲ್ಲೇ ಎಲ್ಲ ಆಗುವ ಕಾಲದಲ್ಲಿ ಇದೇನು ಕರ್ಮ ಎಂದು ನಾನು ಗೊಣಗಿದರೆ, "ಕಾಣದಿರೋ ಕಡೆ ಏನಾಗುತ್ತೆ ಅಂತ ನಿಂಗೇನು ಕನಸು ಬೀಳುತ್ತೇನೋ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ದನಿಯೇ ಹೋಯಿತು. ಗಂಟಲಿನ ಕ್ಯಾನ್ಸರ್. ಆಪರೇಷನ್ ಆದ ಮೇಲೆ ತುಟಿ ಆಡುತ್ತಿತ್ತು, ಸದ್ದಿಲ್ಲ. "ಇನ್ನಿವರನ್ನ ಸೈಟಿಗೆ ಹೆಂಗ್ರೀ ಕಳ್ಸೋದು? ಮನೇಲಿರ್ಲಿ," ಎಂದರು ಓನರ್. ಅಕ್ಕ ಫೋನಿನಲ್ಲಿ ಬರೆದು ತೋರಿಸಿದರು: "ಒಂದು ಕೆಲಸ ಮಾಡಿ ತೋರಿಸ್ತೀನಿ. ಆಮೇಲೆ ಹೇಳಿ." ಅವರ ಕಣ್ಣು ನೋಡಲಾಗದೆ ನಾನು ಹೊರಗೆ ಹೋದೆ.

ಒಂದು ಸಹಕಾರ ಸಂಘಕ್ಕೆ ತರೀಕೆರೆಯಲ್ಲೂ ಅಜ್ಜಂಪುರದಲ್ಲೂ ಕಚೇರಿಗಳಿದ್ದವು; ಎರಡನ್ನೂ ಜೋಡಿಸಿದ್ದು ನಮ್ಮ ಲೈನು. ಅಲ್ಲಿನ ಸ್ವಿಚ್‌ಗಳು ತಮ್ಮತಮ್ಮಲ್ಲೇ ಕಳಿಸಿಕೊಳ್ಳುವ ಸಂದೇಶಗಳನ್ನು ನಡುವಿನ ನಮ್ಮ ಸ್ವಿಚ್‌ಗಳು ತಮಗೇ ಬಂದವೆಂದು ಇಟ್ಟುಕೊಂಡುಬಿಡುತ್ತಿದ್ದವು. ಅವನ್ನು ಮುಚ್ಚಿ ಕಟ್ಟಿ ಹಾಗೇ ಆಚೆ ದಾಟಿಸುವುದಕ್ಕೆ ಟನೆಲಿಂಗ್ ಎನ್ನುತ್ತಾರೆ; ಅಕ್ಕ ಮಾಡಿ ತೋರಿಸಬೇಕಿದ್ದದ್ದು ಅದನ್ನೇ. ದನಿಯಿದ್ದಾಗ ಅಕ್ಕ ಹೇಳುತ್ತಿದ್ದರು: "ಇನ್ನೊಬ್ರ ಮನೆ ಮಾತು ಕಣೋ. ದಾಟಿಸ್ಬೇಕು, ಕಿವಿ ಕೊಡ್ಬಾರ್ದು."

ಅಕ್ಕ ತರೀಕೆರೆಯಲ್ಲಿ ಕೂತರು. ನಾನು ಅಜ್ಜಂಪುರದಲ್ಲಿ, ಪಕ್ಕದಲ್ಲಿ ಓನರ್. ಉಗುರಿನಿಂದ ಫೋನಿಗೆ ಒಂದು ಟಕ್ ಅಂದರೆ ಹಾಕು. ಒಂದೇ ಸಮನೆ ಬಡಿದರೆ ನಿಲ್ಲಿಸು. ತಮ್ಮ ಕಡೆಯದನ್ನು ಅವರು ಮೊದಲೇ ಮುಗಿಸಿದ್ದರು. ನಾನು ಕೇಬಲ್ ಸಿಕ್ಕಿಸುವ ಪೋರ್ಟಿನ ನಂಬರ್ ಓದಿದೆ. ಟಕಟಕಟಕ ಎಂದು ಬಡಿತ, ನಿಲ್ಲುವ ಹಾಗೇ ಇಲ್ಲ.

"ಏನಾಯ್ತ್ರೀ?" ಎಂದರು ಓನರ್.

ಕೇಬಲ್ ಹಿಡಿದು ನೋಡಿದೆ. ಅಯ್ಯೋ ದೇವರೇ! ಅದು ಸಂಘದ ಕಡೆಯ ಪೋರ್ಟ್ ಅಲ್ಲ, ತರೀಕೆರೆಗೆ ಹೋಗುವ ನಮ್ಮದೇ ಲೈನಿನದು; ಆ ನಂಬರ್ ಅಕ್ಕನಿಗೆ ಬಾಯಿಪಾಠ. ಹಾಕಿದ್ದರೆ, ತರೀಕೆರೆಯಿಂದ ಕಟ್ಟಿ ಬಂದ ಸಂದೇಶ ಕಂಡದ್ದೇ ಆ ಪೋರ್ಟ್ ಮುಚ್ಚಿಕೊಂಡು ಇಡೀ ಅಜ್ಜಂಪುರಕ್ಕೆ ನೆಟ್ ಬಂದ್ ಆಗುತ್ತಿತ್ತು. ಸರಿಯಾದ ನಂಬರ್ ಓದಿದೆ. ಟಕ್.

ಓನರ್ ಫೋನ್ ಕಸಿದುಕೊಂಡು, "ಸೋಮವಾರದಿಂದ ಬನ್ನಿ ಅಕ್ಕ," ಎಂದರು. ಆ ಕಡೆಯಿಂದ ಒಂದು ಟಕ್. ನನಗೆ ಅಳು ಬಂದುಬಿಟ್ಟಿತು.

ಬಂದರು, ಆದರೆ ಬಹಳ ದಿನವಲ್ಲ. ರೋಗ ಮರಳಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಆ ದಿನದ ಕೆಲಸಗಳನ್ನು ಹೇಳುತ್ತಿದ್ದೆ; ಪ್ರತಿಯೊಂದಕ್ಕೂ ಮಂಚದ ಸರಳಿಗೆ ಟಕ್ ಎನ್ನಿಸುತ್ತಿದ್ದರು. ಒಂದು ಸಂಜೆ ಎದ್ದು, "ನಾಳೆ ಬತ್ತೀನಿ ಅಕ್ಕ," ಎಂದೆ. ನನ್ನ ಮಣಿಕಟ್ಟು ಹಿಡಿದು ಆ ಸೀಳಿದ ಉಗುರಿನಿಂದ ಬಡಿದರು, ಮತ್ತೆ ಮತ್ತೆ, ಶಕ್ತಿ ಇರುವವರೆಗೂ.

ಬರಬೇಡ ಎಂದು. ಗೊತ್ತಾಯಿತು, ಆದರೂ ಮರುದಿನ ಹೋದೆ. ಖಾಲಿ ಮಂಚದ ಮೇಲೆ ನರ್ಸ್ ಹೊಸ ಬೆಡ್‌ಶೀಟ್ ಹಾಸುತ್ತಿದ್ದರು.

ಇವತ್ತಿಗೂ ಗಟ್ಟಿಯಾಗಿ ಓದದೆ ನಾನು ಎಂಟರ್ ಒತ್ತುವುದಿಲ್ಲ. ಆ ಕಡೆಯಿಂದ "ಹಾಕಿ ಸಾರ್" ಎನ್ನುತ್ತಾರೆ. ಹಾಕುತ್ತೇನೆ, ಒಂದು ಟಕ್ಕಿಗಾಗಿ ಸ್ವಲ್ಪ ಹೊತ್ತು ಕಾದು.