ಅಮ್ಮನಿಗೆ ಉಳಿದಿದ್ದ ಒಂದೇ ಮಾತು

ಅಮ್ಮನ ಬಾಯಿಂದ ಒಂದು ಕೆಟ್ಟ ಮಾತು ಕೇಳಲು ನಾನು ನಲವತ್ತಾರು ವರ್ಷ ಕಾಯಬೇಕಾಯಿತು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ ಸೂಪರ್‌ವೈಸರ್ ಆಗಿ ರಿಟೈರ್ ಆದವಳು. ಟ್ರಂಕ್ ಕಾಲ್ ಸಿಗದೆ ಸಿಟ್ಟಿಗೆದ್ದವರು ಅವಳ ವಂಶವನ್ನೆಲ್ಲ ಜಾಲಾಡಿದರೂ ‘ಸ್ವಲ್ಪ ಲೈನಲ್ಲೇ ಇರಿ ಸಾರ್’ ಅನ್ನುತ್ತಿದ್ದಳಂತೆ. ಮನೆಯಲ್ಲೂ ಅದೇ ನಾಲಿಗೆ. ಚಿಕ್ಕವಳಿದ್ದಾಗ ನಾನು ‘ಥೂ’ ಅಂದರೆ ಸಾಕು, ಬಾಯಿ ತೊಳೆದುಕೊಂಡು ಬಾ ಎಂದು ಬಚ್ಚಲಿಗೆ ಅಟ್ಟುತ್ತಿದ್ದಳು.

ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಅವಳು ಬನಶಂಕರಿಯ ನಮ್ಮ ಮನೆಯ ಹಾಲಿನಲ್ಲಿ ಕೂತು, ನೆನೆಸಿದ ಕಾಳನ್ನು ಸಾರಿಗೆಂದು ಹಿಚುಕುತ್ತಿದ್ದಳು. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ನಾನೊಂದು ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿದ್ದೇನೆ. ಬಂದವರ ಹತ್ತಿರ ಚೆನ್ನಾಗಿ ಮಾತಾಡುವುದೇ ನನ್ನ ಕೆಲಸ. ಊಟದ ಡಬ್ಬಿ ತೆಗೆದುಕೊಂಡೆಯಾ ಎಂದು ಕೇಳುತ್ತಿದ್ದವಳು ಮಾತಿನ ಮಧ್ಯೆ ನಿಂತುಬಿಟ್ಟಳು. ತಿರುಗಿ ನೋಡಿದರೆ ಬಲಗೈ ಕಾಳಿನ ಪಾತ್ರೆಯೊಳಗೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅರ್ಧ ಗಂಟೆಯಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು.

ಜೀವ ಉಳಿಯಿತು. ಬಲಗೈ ಹೋಯಿತು, ಕಾಲು ಎಳೆದುಕೊಂಡು ನಡೆಯುವ ಮಟ್ಟಕ್ಕೆ ಬಂತು. ಮಾತು ಮಾತ್ರ ಪೂರಾ ಹೋಗಿತ್ತು. ಹನ್ನೊಂದನೇ ದಿನ ರೌಂಡ್ಸಿಗೆ ಬಂದ ಡಾಕ್ಟರು ತಿಂಡಿ ಆಯ್ತಾ ಎಂದು ಕೇಳಿದಾಗ ಅಮ್ಮ ಅವರ ಮುಖ ನೋಡಿ, ಮುಗುಳ್ನಕ್ಕು, ಸ್ಪಷ್ಟವಾಗಿ ಅಂದಳು: “ಮುಂಡೇದು.”

ಮಾತು ಬಂತಲ್ಲ ಎಂಬ ಖುಷಿಗೆ ನಾನು ನಕ್ಕೇಬಿಟ್ಟೆ. ಆಮೇಲೆ ನೀರು ಬೇಕಾ ಎಂದು ಕೇಳಿದೆ, ಅದಕ್ಕೂ “ಮುಂಡೇದು.” ನಾನು ಯಾರು ಹೇಳು ಎಂದೆ, ಅದಕ್ಕೂ ಅದೇ. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಮಾತು ಜೋಡಿಸುವ ಜಾಗಕ್ಕೆ ಪೆಟ್ಟು ಬಿದ್ದಿದೆ, ಯೋಚಿಸದೆ ಬಾಯಿಗೆ ಬರುವ ಬೈಗುಳದಂಥವು ಮೆದುಳಿನ ಬೇರೆ ಕಡೆ ಇರುತ್ತವೆ, ಕೆಲವರಿಗೆ ಅಂಥದ್ದೊಂದೇ ಉಳಿಯುತ್ತದೆ. ಅವರು ಹೇಳಬೇಕೆಂದಿರುವುದು ಬೇರೆ, ಹೊರಗೆ ಬರುವುದು ಇದು. ನಾನು ತಲೆಯಾಡಿಸಿದೆ. ಅರ್ಥವೇನೋ ಚೆನ್ನಾಗಿಯೇ ಆಗಿತ್ತು.

ಆ ಮಾತು ನಮ್ಮ ಮನೆಗೆ ಹೊಸದಲ್ಲ. ಅಪ್ಪನ ಅಮ್ಮ ಅದನ್ನು ಬೆಕ್ಕಿಗೆ, ಉಕ್ಕಿದ ಹಾಲಿಗೆ, ಹರಿದ ಚಪ್ಪಲಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸೊಸೆಗೆ ಬಳಸುತ್ತಿದ್ದರು. ಅಮ್ಮ ಕೇಳಿಸಿಕೊಂಡಳೇ ಹೊರತು ಒಂದು ದಿನ ತಿರುಗಿಸಿ ಆಡಲಿಲ್ಲ. ಅಪ್ಪ ಒಂದು ಭಾನುವಾರ ಪೇಪರ್ ಓದುತ್ತಾ ಕೂತಲ್ಲೇ ಹೋದ ಮೇಲೆ ಆ ಮಾತನ್ನು ನಮ್ಮಲ್ಲಿ ಯಾರೂ ತಮಾಷೆಗೂ ಎತ್ತಲಿಲ್ಲ. ಗಂಡ ಹೋದವಳಿಗೆ ಅದು ಎಲ್ಲಿ ತಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷವೇ ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ತಟ್ಟೆ ಅವಳನ್ನು ದಾಟಿಕೊಂಡು ಮುಂದಕ್ಕೆ ಹೋಯಿತು. ಅಮ್ಮ ಮುಂದಿನ ನವರಾತ್ರಿಗೆ ಗೊಂಬೆಗೆ ಎರಡು ಮೆಟ್ಟಿಲು ಹೆಚ್ಚಾಗಿ ಕಟ್ಟಿಸಿ, ಗೇಟಿನ ಹತ್ತಿರ ನಿಂತು ಇಡೀ ಬೀದಿಯನ್ನು ಕರೆದಳು, ಕುಂಕುಮವನ್ನು ತಾನೇ ಕೈಯಾರೆ ಕೊಟ್ಟಳು. ಬರುವವರು ಬರ್ತಾರೆ ಬಿಡು ಎಂದಷ್ಟೇ ನನಗೆ ಹೇಳಿದ್ದಳು. ಬಹಳ ಜನ ಬಂದರು.

ಅಂಥವಳ ಒಬ್ಬಳೇ ಮಗಳು ನಾನು. ಅಪ್ಪ ಹೋದ ಮೇಲೆ ನಾನೂ ನನ್ನ ಗಂಡನೂ ಅಮ್ಮನ ಜೊತೆಗೇ ಇದ್ದೇವೆ. ನನ್ನ ಗಂಡನಿಗೆ ಈ ಮಾತಿನಿಂದ ಒಂದು ದಿನವೂ ತೊಂದರೆಯಾಗಲಿಲ್ಲ. ಅವನು ಆಫೀಸಿಂದ ಬಂದು “ಏನತ್ತೆ ಸಮಾಚಾರ” ಅನ್ನುವುದು, ಅವಳು “ಮುಂಡೇದು ಮುಂಡೇದು” ಎಂದು ಅವತ್ತಿನ ವರದಿ ಕೊಡುವುದು, ಅವನು “ಹೌದಾ, ಆಮೇಲೆ?” ಅನ್ನುವುದು. ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ನುಂಗಿದ್ದೆಲ್ಲ ಈಗ ಹೊರಗೆ ಬರುತ್ತಿದೆ ಎಂದು ಅವನು ಅಂದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಅಮ್ಮ ಸೋತು ಕೂರುವವಳಲ್ಲ. ಇದ್ದ ಒಂದೇ ಮಾತಿಗೆ ಹತ್ತಾರು ರಾಗ ಕಟ್ಟಿದಳು. ಕಾಫಿ ಬೇಕಾದರೆ ಒಂದು ಎಳೆತ, ಫ್ಯಾನ್ ಹಾಕು ಅನ್ನಲು ಒಂದು, ನನ್ನನ್ನು ಕರೆಯಲು ಕೊನೆಯಲ್ಲಿ ಮೇಲಕ್ಕೆ ಎತ್ತಿದ ಒಂದು. ವಾರಕ್ಕೆರಡು ಸಲ ಬಿಟಿಎಂ ಲೇಔಟಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಹುಡುಗಿ ಇದನ್ನು ನೋಡಿ ಹಿಗ್ಗಿದಳು. ಈ ರಾಗ ಹಿಡಿದೇ ಬೇರೆ ಮಾತು ಎಳೆದು ತರಬಹುದು, ನೀವು ತಡೆಯಬೇಡಿ, ನಾಲ್ಕು ಜನರ ಮಧ್ಯೆ ಕೂರಿಸಿ ಎಂದಳು. ಹಾಡು ಹೇಳಿಸಿ, ಪದ ತಾನಾಗಿ ಬರುತ್ತದೆ ಎಂದು ನೆಂಟರು ಫೋನಿನಲ್ಲಿ ಹೇಳಿದ್ದರಿಂದ ಅದನ್ನೂ ನೋಡಿದೆ. ರಾಗ ಸೊಗಸಾಗಿ ಬಂತು. ದೇವರ ಹೆಸರು ಬರಬೇಕಾದಲ್ಲೆಲ್ಲ ಆ ಮಾತೇ ಬಂತು. ನಾನು ಎದ್ದು ಹೋಗಿ ದೇವರ ಕೋಣೆಯ ಬಾಗಿಲು ಹಾಕಿದೆ.

ಜನ ನೋಡಲು ಬರತೊಡಗಿದರು. ಶ್ರೀನಗರದಿಂದ, ಜಯನಗರದಿಂದ, ಅವಳ ಜೊತೆ ಕೆಲಸ ಮಾಡಿದವರು ಎಳನೀರು, ಸೇಬು ಹಿಡಿದುಕೊಂಡು ಬಂದರು. ಸೋಂಕಾಗಬಹುದು, ಯಾರನ್ನೂ ಬಿಡಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ ಎಂದು ಗೇಟಿನಲ್ಲೇ ಸುಳ್ಳು ಹೇಳಿ ಕಳಿಸಿದೆ. ಹೇಳುವಾಗ ನನ್ನ ದನಿ ಅಡ್ಮಿಷನ್ ಆಫೀಸಿನ ದನಿಯೇ, ನಯವಾಗಿ, ಮರ್ಯಾದೆಯಾಗಿ. ಅಮ್ಮನ ಕೋಣೆಯ ಕಿಟಕಿ ಗೇಟಿನ ಕಡೆಗೇ ಇದೆ. ಅವಳಿಗೆ ಕಿವಿಯಲ್ಲಿ ಏನೂ ತೊಂದರೆ ಇರಲಿಲ್ಲ.

ಆಗಸ್ಟ್ ತಿಂಗಳ ಒಂದು ಸಂಜೆ, ಅಮ್ಮನಿಗೂ ಹೊರಗಿನ ಗಾಳಿ ಬೇಕು ಎಂಬ ಗಂಡನ ಕಾಟ ತಡೆಯಲಾರದೆ ಅವಳನ್ನು ಬೀದಿ ಕೊನೆಯ ಪಾರ್ಕಿಗೆ ಕರೆದುಕೊಂಡು ಹೋದೆ. ಎದುರು ಮನೆಯವರ ಸೊಸೆ ಅಲ್ಲಿ ವಾಕಿಂಗ್ ಮಾಡುತ್ತಿದ್ದಳು; ಏಳು ತಿಂಗಳ ಬಸುರಿ. ಅಮ್ಮನನ್ನು ಕಂಡವಳೇ ಹತ್ತಿರ ಬಂದು, ಕಷ್ಟಪಟ್ಟು ಬಗ್ಗಿ ಕಾಲು ಮುಟ್ಟಿದಳು. ಅಮ್ಮ ಎಡಗೈಯನ್ನು ಅವಳ ತಲೆಯ ಮೇಲಿಟ್ಟಳು. ಮುಖ ಅರಳಿತ್ತು. ಬಾಯಿ ತೆರೆದು, ತುಂಬಾ ಮೆತ್ತಗೆ, “ಮುಂಡೇದು” ಎಂದಳು. ಮತ್ತೊಮ್ಮೆ ಹೇಳಲು ಹೊರಟಾಗ ನಾನು ಅವಳ ಬಾಯಿ ಮುಚ್ಚಿದೆ.

ಸುಮ್ಮನಿರು ಎಂದು ಸನ್ನೆ ಮಾಡಲಿಲ್ಲ, ಕೈ ಹಿಡಿದು ಆಚೆ ಎಳೆಯಲಿಲ್ಲ. ಅಂಗೈಯನ್ನು ಬಾಯಿಗೆ ಒತ್ತಿ ಮುಚ್ಚಿದೆ. ಅಂಗೈಯ ಕೆಳಗೆ ಅವಳ ತುಟಿ ಇನ್ನೂ ಆಡುತ್ತಿತ್ತು, ಬೆಚ್ಚಗೆ ಉಸಿರು ತಾಗುತ್ತಿತ್ತು. ಅವಳು ಹರಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಆ ರಾಗ ನನಗೆ ಚೆನ್ನಾಗಿ ಗೊತ್ತಿತ್ತು, ನನ್ನ ತಲೆ ಸವರುವಾಗ ಬರುತ್ತಿದ್ದ ರಾಗವೇ ಅದು. ಗೊತ್ತಿದ್ದೂ ಕೈ ತೆಗೆಯಲಿಲ್ಲ. ತುಟಿ ನಿಂತ ಮೇಲೆ ತೆಗೆದೆ. ಆ ಹುಡುಗಿಗೆ ಸಾರಿ ಹೇಳಿ ಅಮ್ಮನನ್ನು ಮನೆಗೆ ಕರೆತಂದೆ.

ಅವತ್ತಿನಿಂದ ಅಮ್ಮ ಮಾತು ನಿಲ್ಲಿಸಿದಳು. ಕಾಫಿಗೆ ಲೋಟ ತೋರಿಸುವಳು, ಫ್ಯಾನಿಗೆ ಬೆರಳು ತೋರಿಸುವಳು. ಅಳಿಯ ಸಮಾಚಾರ ಕೇಳಿದರೆ ಬರೀ ನಗುವಳು. ಥೆರಪಿಸ್ಟ್ ಎರಡು ವಾರ ನೋಡಿ ಗಾಬರಿಯಾದಳು. ಮತ್ತೆ ಸ್ಟ್ರೋಕ್ ಆಗಿರಬಹುದು, ಸ್ಕ್ಯಾನ್ ಮಾಡಿಸಿ ಎಂದಳು. ಮಾಡಿಸಿದರೆ ಹೊಸದೇನೂ ಇರಲಿಲ್ಲ. “ಇಷ್ಟು ಚೆನ್ನಾಗಿ ಸುಧಾರಿಸ್ಕೊಳ್ತಿದ್ರಲ್ಲ ಮೇಡಂ, ಮನೇಲಿ ಏನಾದ್ರೂ ಆಯ್ತಾ?” ಎಂದು ಕೇಳಿದಳು. ಅಮ್ಮ ಅಲ್ಲೇ ಕುರ್ಚಿಯಲ್ಲಿದ್ದಳು.

“ಇಲ್ವಲ್ಲ,” ಎಂದೆ.

ಅಮ್ಮ ನನ್ನ ಕಡೆ ನೋಡಲೂ ಇಲ್ಲ. ನಾಚಿಕೆಗೆಟ್ಟವಳಂತೆ ನಾನು ಆ ಹುಡುಗಿಗೆ ಕಾಫಿ ಮಾಡಿಕೊಟ್ಟೆ. ಇನ್ನೂ ಹೇಳಿಬಿಡುತ್ತೇನೆ: ಮನೆ ಮೌನವಾದದ್ದು ನನಗೆ ಒಂದು ಬಗೆಯ ಆರಾಮವನ್ನೇ ಕೊಟ್ಟಿತ್ತು. ಕಾಯಿಲೆಯವರ ಮನೆ ಎಂದರೆ ಹೀಗಿರಬೇಕು ಅನ್ನಿಸಿತ್ತು.

ನವರಾತ್ರಿ ಬಂತು. ಗೊಂಬೆ ಬೇಡ ಎಂದು ನಾನು ಹೇಳುವ ಮೊದಲೇ ಅಮ್ಮ ಪೆಟ್ಟಿಗೆಗಳನ್ನು ತೋರಿಸಿ ಕೂತಳು. ಎಡಗೈಯೊಂದರಲ್ಲೇ ಹಳೇ ಪೇಪರ್ ಬಿಡಿಸಿ, ಪಟ್ಟದ ಗೊಂಬೆಯಿಂದ ಹಿಡಿದು ಎಲ್ಲವನ್ನೂ ಮೂರು ದಿನ ಒರೆಸಿದಳು. ಒಂದೂ ಒಡೆಯಲಿಲ್ಲ. ಹೆಂಗಸರು ಬರುವ ಸಂಜೆ ನಾನು ಅವಳನ್ನು ಕೋಣೆಯಲ್ಲಿ ಮಲಗಿಸಿ, ಸ್ವಲ್ಪ ಹೊತ್ತು ರೆಸ್ಟ್ ತಗೋ ಎಂದು ಹೇಳಿ, ಹೊರಗಿನಿಂದ ಚಿಲಕ ಹಾಕಿದೆ. ಮಾತೇ ಆಡದವಳಿಗೆ ಚಿಲಕ ಯಾಕೆ ಎಂದು ಕೇಳಬಹುದು. ಮುತ್ತೈದೆಯರ ಮಧ್ಯೆ ಅವತ್ತೇ ಬಾಯಿ ತೆರೆದರೆ ಎಂಬ ಭಯ, ಅಷ್ಟೇ.

ಎದುರು ಮನೆಯ ಆಂಟಿ ಎಲ್ಲರಿಗಿಂತ ಮೊದಲು ಬಂದರು. ಅಮ್ಮನಿಗೂ ಅವರಿಗೂ ನಲವತ್ತು ವರ್ಷದ ಸ್ನೇಹ. ಗೊಂಬೆ ನೋಡಿದರು, ಕುಂಕುಮ ತೆಗೆದುಕೊಂಡರು, ಅಮ್ಮ ಎಲ್ಲಿ ಎಂದು ಕೇಳಿದರು. ಮಲಗಿದ್ದಾರೆ ಎಂದೆ. ಅವರು ಕೋಣೆಯ ಬಾಗಿಲ ಕಡೆ ನೋಡಿದರು, ಚಿಲಕ ಕಾಣಿಸುತ್ತಿತ್ತು.

“ನನ್ನ ಸೊಸೆ ಎಲ್ಲಾ ಹೇಳಿದ್ಲು ಕಣೆ,” ಎಂದರು ಆಂಟಿ, ಗದರಿಸದೆ. “ಅವರು ಆಶೀರ್ವಾದ ಮಾಡ್ತಿದ್ರು, ಇವರು ಬಾಯಿ ಮುಚ್ಚಿಬಿಟ್ರು ಅಂತ ಮನೆಗೆ ಬಂದು ಅತ್ಲು.”

ಇಪ್ಪತ್ತೇಳು ವರ್ಷದ ಹೊರಗಿನ ಹುಡುಗಿಗೆ ಅರ್ಥವಾಗಿತ್ತು. ನನಗೆ ಕೈಯಲ್ಲಿದ್ದ ತಟ್ಟೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೀದಿಗೆಲ್ಲ ಗೊತ್ತಾಗಬಾರದು ಎಂದು ನಾನು ಮುಚ್ಚಿಟ್ಟದ್ದು ಬೀದಿಗೆ ಗೊತ್ತಾಗಿ ಎಷ್ಟೋ ದಿನವಾಗಿತ್ತು, ಅದೂ ಅಮ್ಮನ ಮಾತಲ್ಲ, ನನ್ನ ಕೈ. ಆಂಟಿ ನನ್ನನ್ನು ದಾಟಿಕೊಂಡು ಹೋಗಿ ಚಿಲಕ ತೆಗೆದರು.

ಅಮ್ಮ ಮಲಗಿರಲಿಲ್ಲ. ಮಂಚದ ತುದಿಯಲ್ಲಿ ಕೂತಿದ್ದಳು. ನೈಟಿಯ ಮೇಲೆಯೇ ರೇಷ್ಮೆ ಸೀರೆಯನ್ನು ಒಂದೇ ಕೈಯಲ್ಲಿ ಸುತ್ತಿಕೊಂಡಿದ್ದಳು. ನೆರಿಗೆಯೆಲ್ಲ ಉಂಡೆಮಾಡಿ ಸೊಂಟಕ್ಕೆ ತುರುಕಿಕೊಂಡಿದ್ದಳು, ಸೆರಗು ತಪ್ಪು ಹೆಗಲ ಮೇಲಿತ್ತು. ಕೂದಲು ಬಾಚಿಕೊಂಡಿದ್ದಳು. ಯಾವಾಗಿನಿಂದ ಹಾಗೆ ತಯಾರಾಗಿ, ಹೊರಗಿನ ಮಾತು ಕೇಳಿಸಿಕೊಳ್ಳುತ್ತಾ ಕೂತಿದ್ದಳೋ. ಕೂಗಿರಲಿಲ್ಲ, ಬಾಗಿಲು ತಟ್ಟಿರಲಿಲ್ಲ. ಆಂಟಿ ಸೆರಗು ಸರಿಮಾಡಿ, ಕೈ ಹಿಡಿದು ಹಾಲಿಗೆ ಕರೆತಂದು ಗೊಂಬೆಯ ಮುಂದೆ ಕೂರಿಸಿದರು. ಅಷ್ಟರಲ್ಲಿ ಇನ್ನೂ ನಾಲ್ಕೈದು ಜನ ಬಂದಿದ್ದರು.

“ಏನ್ರೀ, ನಮ್ಮ ಮೇಲೆ ಕೋಪಾನಾ? ಒಂದು ಮಾತಾಡಿ,” ಎಂದರು ಆಂಟಿ.

ಅಮ್ಮ ತಿರುಗಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಚಿಕ್ಕ ಮಕ್ಕಳು ಬೇರೆಯವರ ಮನೆಯಲ್ಲಿ ಸಿಹಿ ಕೊಟ್ಟಾಗ ತೆಗೆದುಕೊಳ್ಳಲಾ ಎಂದು ತಾಯಿಯ ಮುಖ ನೋಡುತ್ತಾರಲ್ಲ, ಹಾಗೆ ನೋಡಿದಳು.

“ಮಾತಾಡಮ್ಮ,” ಎಂದೆ.

“ಮುಂಡೇದು,” ಎಂದಳು ಅಮ್ಮ, ಒಂದೂವರೆ ತಿಂಗಳ ಮೇಲೆ. ದನಿ ತುಕ್ಕು ಹಿಡಿದಂತಿತ್ತು. ಹೆಂಗಸರಲ್ಲಿ ಒಬ್ಬರಿಗೆ ನಗು ಬಂತು, ಒಬ್ಬರು ಮುಖ ಸಿಂಡರಿಸಿ ಬೇಗ ಎದ್ದು ಹೋದರು. ಉಳಿದವರು ಕೂತರು. ಅಮ್ಮ ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದಳು. ಅವರೇ ಬೆರಳಲ್ಲಿ ತೆಗೆದು ಹಚ್ಚಿಕೊಂಡರು.

ಅಲ್ಲಿಂದ ಮುಂದಿನದೆಲ್ಲ ಅಮ್ಮ ಸ್ವಂತ ದುಡಿದು ಗಳಿಸಿದ್ದು. ದಿನಾ ಬೆಳಿಗ್ಗೆ ಕೋಲು ಹಿಡಿದು ಗೇಟಿಗೆ ಹೋಗಿ ಹೂವಿನವಳ ಹತ್ತಿರ, ತರಕಾರಿ ಗಾಡಿಯವನ ಹತ್ತಿರ ಅದೊಂದೇ ಮಾತಿನಲ್ಲಿ ವಾದ ಮಾಡಿದಳು, ಬಾಡಿದ ಸೊಪ್ಪನ್ನು ಅದೇ ಮಾತಿನಲ್ಲಿ ವಾಪಸ್ ಕೊಟ್ಟಳು. ನಾಲ್ಕನೇ ತಿಂಗಳು ‘ಬೇಡ’ ಬಂತು. ಆಮೇಲೆ ‘ನೀರು’, ‘ಸಾಕು’, ‘ಬಾ’. ಈಗ ಎರಡು ವರ್ಷವಾಗಿದೆ, ಮೂವತ್ತರ ಮೇಲೆ ಮಾತುಗಳಿವೆ. ಎದುರು ಮನೆಯ ಮಗು ಬಂದರೆ ಅದಕ್ಕೆ ಒಂದೊಂದೇ ಹೇಳಿಕೊಡುತ್ತಾಳೆ, ಇಬ್ಬರೂ ಜೊತೆಯಾಗಿ ಕಲಿಯುತ್ತಾರೆ. ಬೀದಿಯಲ್ಲಿ ಎಲ್ಲರೂ ಅವಳ ಧೈರ್ಯ ಮೆಚ್ಚುತ್ತಾರೆ. ಚೆನ್ನಾಗಿ ನೋಡಿಕೊಂಡೆ ಎಂದು ನನ್ನನ್ನೂ ಮೆಚ್ಚುತ್ತಾರೆ, ನಾನು ಬೇಡ ಅನ್ನುವುದಿಲ್ಲ.

ಒಂದು ಮಾತ್ರ ಹೋಗಿಲ್ಲ. ನಾನು ಎದುರಿಗಿದ್ದರೆ, ಯಾವ ಮಾತೇ ಆಗಲಿ, ‘ನೀರು’ ಅನ್ನುವುದಕ್ಕೂ ಮೊದಲು ಅಮ್ಮ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ನೋಡಿ, ನಾನು ಸುಮ್ಮನಿದ್ದೇನೆ ಎಂದು ಖಾತ್ರಿಯಾದ ಮೇಲೆ ಆಡುತ್ತಾಳೆ. ಥೆರಪಿಸ್ಟ್ ಅದನ್ನು ಗಮನಿಸಿದ್ದಾಳೆ. ಪದ ಹುಡುಕಲು ಮೆದುಳು ತೆಗೆದುಕೊಳ್ಳುವ ಸಮಯ ಅದು, ಇಂಥ ಸ್ಟ್ರೋಕಿನಲ್ಲಿ ಸಾಮಾನ್ಯ ಎಂದು ಫೈಲಿನಲ್ಲಿ ಬರೆದುಕೊಂಡಿದ್ದಾಳೆ. ಹೋದ ವಾರವೂ ಕೇಳಿದಳು, ಮನೆಯಲ್ಲೂ ಹೀಗೇ ತಡವಾಗುತ್ತದೆಯೇ ಎಂದು. ಹೌದು ಎಂದೆ. ಅವಳು ಬರೆದುಕೊಂಡಳು.