ಕೊಳೆತ ಹಣ್ಣಿನ ಬಣ್ಣದ ಟ್ರ್ಯಾಕ್ಟರು

ಬೆಳಗೋಡಿನ ಕಾಫಿ ವ್ಯಾಪಾರಿ ನಜೀರ್ ಸಾಹೇಬರು ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೋದಾಗ ಟ್ರ್ಯಾಕ್ಟರಿನ ಕಡೆ ನೋಡುವುದಿಲ್ಲ. ನೋಡಿದರೆ ಕೆಟ್ಟಿತು. ಅಲ್ಲಿಯವರೆಗೆ ಕೋಳಿ ಮೊಟ್ಟೆಯಿಡುತ್ತಿದ್ದ ಗುಜರಿ ಆ ಕ್ಷಣದಿಂದ ಎಸ್ಟೇಟ್ ಮಾಲೀಕರ ತಾತನ ನೆನಪಾಗಿಬಿಡುತ್ತದೆ. ತಾತ ಬದುಕಿದ್ದಾಗ ಮಾತಾಡಿಸದವರೂ ಕಣ್ಣೊರೆಸಿಕೊಳ್ಳುತ್ತಾರೆ. ಹಾಗಾಗಿ ವನಗೂರಿನ ಎಸ್ಟೇಟಿನಲ್ಲಿ ಸಾಹೇಬರು ಮೆಣಸಿನ ಮಾತಾಡಿದರು, ಆನೆ ಕಾಟದ ಮಾತಾಡಿದರು, ಹೊರಡುವಾಗ ಜೀಪಿನ ಬಾಗಿಲು ಹಿಡಿದು, "ಸ್ಟೋರ್ ಹಿಂದೆ ಅದೇನೋ ಕಬ್ಬಿಣ ಬಿದ್ದೈತಲ್ಲ, ದಾರಿಗೆ ಅಡ್ಡ ಆಗಲ್ವಾ?" ಎಂದರು.

ಮರುವಾರ ಆ ಕಬ್ಬಿಣ ಅವರ ಕಾಫಿ ಕಣದ ಅಂಚಿಗೆ ಬಂತು. ಕಾಫಿ ಸಾಲುಗಳ ನಡುವೆ ನುಗ್ಗಲೆಂದು ಯಾವುದೋ ಕಾಲದಲ್ಲಿ ವಿದೇಶದಿಂದ ತರಿಸಿದ್ದ, ಕರುವಿನಷ್ಟು ಎತ್ತರದ ಮರಿ ಟ್ರ್ಯಾಕ್ಟರು. ಸಾಹೇಬರು ಎಂಜಿನ್ ಬಿಚ್ಚಿದರು, ಹಿಡಿದುಹೋಗಿದ್ದ ಪಿಸ್ಟನ್ನಿಗೆ ಸೀಮೆಎಣ್ಣೆ ಕುಡಿಸಿ ಬಿಡಿಸಿದರು, ಹಾಸನದ ಲೇತಿನಲ್ಲಿ ಬುಷ್ ಮಾಡಿಸಿ ತಂದರು. ಒಂದು ಬೆಳಿಗ್ಗೆ ಅದು ಕೆಮ್ಮಿ ಶುರುವಾಯಿತು. ಈ ಕೆಲಸದಲ್ಲಿ ಅವರ ಕೈ ಚೆನ್ನಾಗಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ರಿಪೇರಿಯಾದ ಟ್ರ್ಯಾಕ್ಟರಿಗೆ ಅವರದು ಒಂದೇ ನಿಯಮ: ಅದು ಕೆಲಸ ಮಾಡಕೂಡದು. ಆಯಸ್ಸೆಲ್ಲ ಕೆಸರು ತುಳಿದ ಯಂತ್ರ ಸಾಹೇಬರ ಕೈಗೆ ಬಂದ ಮೇಲೆ ಹನಿ ಬಿದ್ದರೂ ಮೆತ್ತನೆ ಬಟ್ಟೆಯಲ್ಲಿ ಒರೆಸಿಸಿಕೊಳ್ಳುತ್ತದೆ. ಕಣದಿಂದ ಗೋದಾಮಿಗೆ ಮೂಟೆಗಳು ಮಾತ್ರ ಆಳು ಲಕ್ಕಯ್ಯನ ಬೆನ್ನ ಮೇಲೇ ಹೋಗುತ್ತವೆ.

ಹಾಸನದಲ್ಲಿ ಹಳೆಯ ಯಂತ್ರಗಳ ಪ್ರದರ್ಶನ ನಡೆಯುವುದಿತ್ತು. ಅದಕ್ಕೆ ಯಂತ್ರ ಆರಿಸುವ ಚೈತ್ರಶ್ರೀ ಎಂಬಾಕೆ ಸಾಹೇಬರ ಹಿಂದಿನ ಎರಡು ಟ್ರ್ಯಾಕ್ಟರುಗಳನ್ನು ನೋಡಿ, ನಕ್ಕು, ಚಹಾ ಕುಡಿದು ಹೋಗಿದ್ದರು. ಈ ಭಾನುವಾರ ಮತ್ತೆ ಬರುವವರಿದ್ದರು. ಈ ಸಲವೂ ಆಕೆ ನಕ್ಕರೆ ಬೆಳಗೋಡಿನ ಬಸ್ ಸ್ಟ್ಯಾಂಡಿನಲ್ಲಿ ತಲೆಯೆತ್ತುವಂತಿರಲಿಲ್ಲ.

ಬಾಕಿಯಿದ್ದದ್ದು ಬಣ್ಣ. ಸೀಟಿನ ಕೆಳಗೆ ಬ್ಲೇಡಿನಿಂದ ಕೆರೆದು ನೋಡಿದಾಗ ಥೇಟ್ ಕಾಫಿ ಹಣ್ಣಿನ ಕೆಂಪು ಕಂಡಿತು. ಬೇರೆ ಯಾರಾದರೂ ಆ ಸೀಟನ್ನೇ ಬಿಚ್ಚಿ ಬಣ್ಣದಂಗಡಿಗೆ ಒಯ್ಯುತ್ತಿದ್ದರು. ಸಾಹೇಬರು ಬೇಲಿ ಬದಿಯ ಕಾಫಿ ಗಿಡದಿಂದ ಹದವಾದ ಒಂದು ಹಣ್ಣು ಕಿತ್ತು, ಅಂಗಿ ಜೇಬಿಗೆ ಹಾಕಿಕೊಂಡು ಹಾಸನದ ಬಸ್ ಹತ್ತಿದರು. ಲೇತಿನವನ ಬಳಿ ಮಾತಾಡಿ, ಬಿರಿಯಾನಿ ತಿಂದು, ಅಂಗಡಿ ಸೇರುವಾಗ ಸಂಜೆ. ಜೇಬಿನ ಬಿಸಿಗೆ ಹಣ್ಣು ಕಪ್ಪಿಟ್ಟಿತ್ತು. ಅಂಗಡಿಯವನು ಹಣ್ಣಿಗೆ ಸರಿಯಾಗಿ ಬಣ್ಣ ಬೆರೆಸಿಕೊಟ್ಟ. ತಡವಾಗಿ ತಂದ ಹಣ್ಣು ಕಪ್ಪಾಗಿದೆಯೆಂದು ರೈತರನ್ನು ಗದರಿ ಕಳಿಸುವ ವ್ಯಾಪಾರಿಗೆ ಇದು ಹೊಳೆಯಲೇ ಇಲ್ಲ.

"ಇದ್ಯಾಕ್ ಸಾಬ್ರೇ, ಮೂಟೇಲಿ ಕಟ್ಟಿಟ್ಟ ಹಣ್ಣಿನಂಗೆ ಐತೆ?" ಎಂದ ಲಕ್ಕಯ್ಯ, ಬಣ್ಣ ಬಳಿದಿಟ್ಟ ಟ್ರ್ಯಾಕ್ಟರು ನೋಡಿ.

"ಒಣಗಲಿ ಕಣೋ, ಆಮೇಲೆ ನೋಡು."

ಒಣಗಲಿಲ್ಲ. ಹೊಳಪು ಬರಲೆಂದು ಸಾಹೇಬರು ಬಣ್ಣ ಬಳಿಯುವ ಮೊದಲು ಬಾನೆಟ್ಟನ್ನು ಡೀಸೆಲಿನಲ್ಲಿ ಉಜ್ಜಿದ್ದರು, ಆ ಜಿಡ್ಡು ಹಾಗೇ ಉಳಿದಿತ್ತು. ಮೇಲೆ ಮೋಡ ಬೇರೆ. ಶನಿವಾರ ಆಕಾಶ ಇನ್ನೂ ಕವಿದಾಗ ಅವರು ಕಣದ ಟಾರ್ಪಾಲು ಎಳೆದುತಂದು ಟ್ರ್ಯಾಕ್ಟರಿಗೆ ಹೊದಿಸಿದರು. ಕಣದ ತುಂಬ ಅರ್ಧ ಒಣಗಿದ ಕಾಫಿಯಿತ್ತು.

"ಏನ್ರೀ, ಟಾರ್ಪಾಲು ಎಲ್ಲಿ?" ಕಣ ನೋಡಿಕೊಳ್ಳುವ ಹೆಂಡತಿ ತಾಹಿರಾ ಕೂಗಿದರು.

"ಮಳೆ ಬರಲ್ಲ ಸುಮ್ನಿರೆ."

"ಬರಲ್ಲ ಅಂದ್ಮೇಲೆ ಅದಕ್ಯಾಕ್ರೀ ಹೊದಿಸಿದ್ದು?"

ಉತ್ತರಕ್ಕೆ ಮುಂಚೆ ಹನಿ ಬಿತ್ತು. ತಾಹಿರಾ ಒಂದು ತುದಿ, ಲಕ್ಕಯ್ಯ ಇನ್ನೊಂದು ತುದಿ ಹಿಡಿದು ಒಂದೇ ಏಟಿಗೆ ಎಳೆದರು. "ನಿಧಾನ, ನಿಧಾನ!" ಎಂದು ಸಾಹೇಬರು ಅರಚುವಷ್ಟರಲ್ಲಿ ಬಾನೆಟ್ಟಿನ ಹಸಿ ಬಣ್ಣ ಹಾಲಿನ ಕೆನೆಯಂತೆ ಟಾರ್ಪಾಲಿಗೆ ಅಂಟಿಕೊಂಡು ಹೋಯಿತು. ಕಾಫಿ ಉಳಿಯಿತು. ಸಾಹೇಬರು ಕೊಡೆ ಬಿಡಿಸಿ ಟ್ರ್ಯಾಕ್ಟರಿನ ಮೇಲೆ ಹಿಡಿದು, ತಾವು ನೆನೆಯುತ್ತ ನಿಂತರು.

ಭಾನುವಾರ ಬಂದ ಚೈತ್ರಶ್ರೀ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿದರು. "ಏನ್ ಸರ್ ಇದು, ಕೊಳೆತ ಹಣ್ಣಿನ ಬಣ್ಣ! ಹಳೇದಕ್ಕೆ ಹೊಸ ಬಣ್ಣ ಬಳಿದ್ರೆ ನಾವು ತಗೊಳಲ್ಲ ಅಂತ ಪ್ರತಿ ಸಲ ಹೇಳ್ತೀನಿ." ಆಮೇಲೆ ಬಾನೆಟ್ಟಿನ ಮುಂದೆ ಬಗ್ಗಿದರು. ಬಣ್ಣ ಕಿತ್ತುಬಂದ ಕಡೆ ಮೂಲದ ಮಾಸಿದ ಕೆಂಪು ಇತ್ತು, ಕೋಳಿಗಳು ಪರಚಿದ ಗೆರೆಗಳ ಸಮೇತ. "ಅಬ್ಬಾ! ಅಸಲಿ ಬಣ್ಣಕ್ಕೆ ಏಟಾಗದ ಹಾಗೆ ಇದನ್ನ ಬಿಡಿಸಿದ್ದು ಯಾರು?"

"ನಾನೇ ಮೇಡಂ," ಎಂದರು ಸಾಹೇಬರು. "ಬಾಳ ತಾಳ್ಮೆ ಬೇಕು ಅದಕ್ಕೆ."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದಿದ್ದ ತಾಹಿರಾ ಚೈತ್ರಶ್ರೀಗೆ ಮಾತ್ರ ಚಹಾ ಕೊಟ್ಟರು.

"ಉಳಿದಿದ್ದನ್ನೂ ಹೀಗೇ ಬಿಡಿಸಿ ತನ್ನಿ, ಮುಂದಿನ ಸಾಲಲ್ಲಿ ಇಡ್ತೀವಿ."

ಕಾರು ತಿರುವು ದಾಟಿದ್ದೇ ಸಾಹೇಬರು ಹೆಂಡತಿಯ ಬಳಿ ಬಂದರು. "ಆ ಟಾರ್ಪಾಲು ಒಂದ್ಸಲ ಕೊಡೇ."

"ಕಾಫಿ ಮೇಲೈತೆ. ತಾಳ್ಮೆ ಐತಲ್ಲ, ಅದ್ರಲ್ಲೇ ಬಿಡಿಸ್ಕಳಿ."

ಬಿಸಿಲು ಬಂತು. ಕಾಫಿಯೂ ಒಣಗಿತು, ಬಣ್ಣವೂ ಒಣಗಿತು. ಸಾಹೇಬರು ಬ್ಲೇಡು ಹಿಡಿದು ಕೂತರು. ಬ್ಲೇಡು ಹೊಸ ಬಣ್ಣವನ್ನೂ ಹಳೆಯ ಬಣ್ಣವನ್ನೂ ಒಟ್ಟಿಗೇ ಕೆರೆಯಿತು. ಪ್ರದರ್ಶನದ ದಿನ ಬೇರೆ ದಾರಿ ಕಾಣದೆ ಬಾನೆಟ್ಟನ್ನಷ್ಟೇ ಬಿಚ್ಚಿ, ಹಳೆ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕೂತರು. ಪ್ರದರ್ಶನದವರು ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಸಾಹೇಬರ ಹೆಸರು ಬರೆದಿಟ್ಟರು. ಜನ ಫೋಟೋ ತೆಗೆದುಕೊಂಡರು.

ಸಂಜೆ ಬಾನೆಟ್ಟು ಹೊತ್ತು ಮರಳಿದಾಗ ಕಣ ಖಾಲಿಯಿತ್ತು. ಗೋದಾಮಿನ ಮುಂದೆ ಮರಿ ಟ್ರ್ಯಾಕ್ಟರು ಗುಡುಗುಡಿಸುತ್ತ ನಿಂತಿತ್ತು, ಹಿಂದೊಂದು ಕೈಗಾಡಿ ಕಟ್ಟಿಸಿಕೊಂಡು, ಚಕ್ರದ ತುಂಬ ಕೆಸರು ಮೆತ್ತಿಕೊಂಡು. ಸೀಟಿನ ಮೇಲೆ ಲಕ್ಕಯ್ಯ, ಕೊನೆಯ ಮೂಟೆಯ ಪಕ್ಕ ತಾಹಿರಾ.

"ಏನ್ ಚೆನ್ನಾಗಿ ರಿಪೇರಿ ಮಾಡೀರಿ ಸಾಬ್ರೇ," ಲಕ್ಕಯ್ಯ ಇಳಿಯದೆಯೇ ಹೇಳಿದ. "ಆ ಮುಚ್ಚಳ ಇಲ್ದಿದ್ರೂ ಏನೂ ಗೊತ್ತಾಗಲ್ಲ."