ಸಲಹಾ ಮಂಡಳಿಯ ಗುಮಾಸ್ತರು

ಕುಲಪತಿಗಳ ಸಲಹಾ ಮಂಡಳಿಯ ನಡಾವಳಿ ಬರೆಯುತ್ತಿದ್ದ ಗುಮಾಸ್ತರು ತೆಲಸಂಗದ ಕಡೆಯವರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ನಿಪ್ಪಾಣಿಯಿಂದ ಆ ಮಂಡಳಿಯ ಸದಸ್ಯನಾಗಿದ್ದೆ. ಸಭೆ ಮುಗಿದರೂ ಅವರು ಯಾರನ್ನೂ ಏಳಗೊಡುತ್ತಿರಲಿಲ್ಲ. "ಜರಾ ಕೂಡ್ರಿ, ಓದತೀನಿ," ಎಂದು ಕನ್ನಡಕವನ್ನು ಹಣೆಗೇರಿಸಿ, ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿದ ಮೇಲೆಯೇ ಸಹಿ ಪಡೆಯುತ್ತಿದ್ದರು.

"ಚಾ ಕುಡದದ್ದೂ ಬರದೀರೇನ್ರಿ?" ಎಂದು ಮಂಡಳಿಯಲ್ಲಿದ್ದ ಚಿಕ್ಕೋಡಿ ಕಾಲೇಜಿನ ಪ್ರಾಚಾರ್ಯರು ಒಮ್ಮೆ ಕೆಣಕಿದರು.

"ಅದು ಸಲಹಾ ಅಲ್ಲಲ್ರಿ ಸರ."

ಒಂದು ಸಭೆಯಲ್ಲಿ ಕಾಗವಾಡದ ಪರೀಕ್ಷಾ ಕೇಂದ್ರ ಮುಚ್ಚುವ ಮಾತು ಬಂತು. ಮುಚ್ಚಿದರೆ ಅಲ್ಲಿಯ ಹುಡುಗಿಯರು ಅಥಣಿಗೆ ಹೋಗಿ ಪರೀಕ್ಷೆ ಬರೆಯಬೇಕು. ಅಷ್ಟು ದೂರ ಕಳಿಸದ ಮನೆಗಳು ಬಹಳ ಇದ್ದವು. ಮುಚ್ಚುವುದು ಬೇಡವೆಂದು ಎಲ್ಲರೂ ಹೇಳಿದೆವು. ಆದರೂ ಕುಲಪತಿಗಳು, "ಮುಚ್ಚಲು ಮಂಡಳಿ ಒಪ್ಪಿತು ಅಂತ ಬರೆಯಿರಿ," ಎಂದರು.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಇವರ ಸಲಹಾ ಬ್ಯಾಡ ಅನ್ನಾಕ ನಿಮಗ ಅಧಿಕಾರ ಐತ್ರಿ ಸರ. ಅದನ್ನ ಬ್ಯಾರೆ ಮಾಡಿ ಬರಿಯಾಕ ನನಗಿಲ್ರಿ. ಕಾರಣ ಹೇಳ್ರಿ, ಬರಕೋತೀನಿ."

ಅಲ್ಲಿ ಮೇಲ್ವಿಚಾರಕರು ಸಿಗುವುದಿಲ್ಲ ಎಂದರು ಕುಲಪತಿಗಳು. ಗುಮಾಸ್ತರು ಅದನ್ನು ಬರೆದು ಓದಿದರು.

"ಇಷ್ಟ ಏನ್ರಿ? ಮಂದೀನ್ನ ನಾ ಕಳಸತೀನಿ," ಎಂದರು ಚಿಕ್ಕೋಡಿಯ ಪ್ರಾಚಾರ್ಯರು. ಆ ಮಾತೂ ನಡಾವಳಿಗೆ ಸೇರಿತು. ಕುಲಪತಿಗಳು ಪುಸ್ತಕ ತೆಗೆದುಕೊಂಡು, 'ಕೇಂದ್ರ ಮುಂದುವರಿಯಲಿ' ಎಂದು ತಾವೇ ಬರೆದು ಸಹಿ ಹಾಕಿದರು.

ಆ ಸಲ ಹುಡುಗಿಯರು ಕಾಗವಾಡದಲ್ಲೇ ಪರೀಕ್ಷೆ ಬರೆದರು. ಕಳಿಸಲು ಮಂದಿ ಸಾಲದ್ದರಿಂದ, ಮೊದಲ ದಿನ ಪ್ರಾಚಾರ್ಯರೇ ಮೇಲ್ವಿಚಾರಣೆಗೆ ನಿಂತರು.